ಒಂದು ಪೊಟ್ಟಣಕ್ಕೆ ಒಂದು ಲೀಟರ್: ಒಆರ್‌ಎಸ್ ಸರಿಯಾಗಿ ಬೆರೆಸುವುದು ಹೇಗೆ?

ಭೇದಿಯಾದಾಗ ಒಆರ್‌ಎಸ್ ಕೊಡಬೇಕು ಎಂಬುದು ಈಗ ಬಹುತೇಕ ಎಲ್ಲರಿಗೂ ಗೊತ್ತು. ಅದನ್ನು ಬೆರೆಸುವಾಗ ಮಾತ್ರ ಕೈ ಅಂದಾಜಿಗೆ ಹೋಗುತ್ತದೆ. ಒಂದು ಲೋಟ ನೀರಿಗೆ ಇಡೀ ಪೊಟ್ಟಣ ಸುರಿಯುವವರನ್ನು ನೋಡಿದ್ದೇನೆ. ಲೋಟಕ್ಕೊಂದು ಚಿಟಿಕೆಯಂತೆ ಪುಡಿ ಉದುರಿಸಿ, ಉಳಿದದ್ದನ್ನು ಮಡಚಿ ಡಬ್ಬಿಯಲ್ಲಿಡುವವರನ್ನೂ ನೋಡಿದ್ದೇನೆ. ಮಗು ಕುಡಿಯಲಿ ಎಂದು ಹಣ್ಣಿನ ರಸದಲ್ಲಿ ಕದಡುವವರೂ ಇದ್ದಾರೆ. ಮೂವರದೂ ಒಳ್ಳೆಯ ಉದ್ದೇಶವೇ, ಆದರೆ ಮೂವರ ಕೈಯಲ್ಲೂ ಔಷಧ ಕೆಡುತ್ತದೆ. ಒಆರ್‌ಎಸ್ಸಿನ ಗುಣವೆಲ್ಲ ಇರುವುದು ಅಳತೆಯಲ್ಲಿ.

ಪೊಟ್ಟಣದಲ್ಲಿರುವುದು ನಾಲ್ಕೇ ವಸ್ತು. ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಪರಿಷ್ಕರಿಸಿದ ಸೂತ್ರದಂತೆ ಒಂದು ಲೀಟರಿಗೆ ಸೋಡಿಯಂ ಕ್ಲೋರೈಡ್ ಅಂದರೆ ಅಡುಗೆ ಉಪ್ಪು 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಒಟ್ಟು 20.5 ಗ್ರಾಂ. ನಾಲ್ಕರಲ್ಲಿ ಮೂರು ಕ್ಷಾರ ಲೋಹಗಳ ಲವಣಗಳು. ಸೋಡಿಯಂ ಮತ್ತು ಪೊಟ್ಯಾಸಿಯಂ ಲೋಹಗಳನ್ನು 1807ರಲ್ಲಿ ಇಂಗ್ಲೆಂಡಿನ ರಸಾಯನ ವಿಜ್ಞಾನಿ ಹಂಫ್ರಿ ಡೇವಿ ವಿದ್ಯುತ್ ಹಾಯಿಸಿ ಬೇರ್ಪಡಿಸಿದರು. ಲೋಹರೂಪದಲ್ಲಿ ಅವು ಚಾಕುವಿನಿಂದ ಕತ್ತರಿಸುವಷ್ಟು ಮೆದು. ನೀರು ಸೋಕಿದರೆ ಬುಸುಗುಟ್ಟಿ ಹೊತ್ತಿಕೊಳ್ಳುವುದರಿಂದ ಪ್ರಯೋಗಾಲಯಗಳಲ್ಲಿ ಸೀಮೆಎಣ್ಣೆಯಂಥ ಎಣ್ಣೆಯಲ್ಲಿ ಮುಳುಗಿಸಿಡುತ್ತಾರೆ. ಹೊರಕವಚದಲ್ಲಿರುವ ಒಂಟಿ ಎಲೆಕ್ಟ್ರಾನನ್ನು ಬಿಟ್ಟುಕೊಡುವ ಆತುರವೇ ಈ ರಭಸಕ್ಕೆ ಕಾರಣ. ಬಿಟ್ಟುಕೊಟ್ಟು ಅಯಾನುಗಳಾದ ಮೇಲೆ ಅದೇ ಲೋಹಗಳು ನಮ್ಮ ರಕ್ತದಲ್ಲಿ, ಜೀವಕೋಶಗಳಲ್ಲಿ ಶಾಂತವಾಗಿ ಕೆಲಸ ಮಾಡುತ್ತವೆ. ಸೋಡಿಯಂ ಹೆಚ್ಚಾಗಿ ಜೀವಕೋಶದ ಹೊರಗಿನ ದ್ರವದಲ್ಲಿದ್ದರೆ, ಪೊಟ್ಯಾಸಿಯಂ ಒಳಗಿರುತ್ತದೆ. ಭೇದಿಯಲ್ಲಿ ನೀರಿನ ಜೊತೆಗೆ ಎರಡೂ ಹರಿದುಹೋಗುತ್ತವೆ. ಬರೀ ನೀರು ಕುಡಿದರೆ ಸಾಲದು ಎನ್ನುವುದು ಇದಕ್ಕಾಗಿಯೇ.

ಮೊದಲು ಪೊಟ್ಟಣ. ಹಿಂಬದಿಯನ್ನು ಓದಿ. ಮೇಲೆ ಹೇಳಿದ ನಾಲ್ಕು ಹೆಸರು ಮತ್ತು ‘ಒಂದು ಲೀಟರ್ ನೀರಿಗೆ’ ಎಂಬ ಸೂಚನೆ ಇರಬೇಕು. ಗ್ಲೂಕೋಸಿನ ರೂಪ, ಸೇರಿಸಿದ ಸ್ವಾದ ಇವುಗಳಿಂದಾಗಿ ಒಟ್ಟು ತೂಕ ಒಂದೆರಡು ಗ್ರಾಂ ಹೆಚ್ಚಿರಬಹುದು, ಅದರಿಂದ ತೊಂದರೆಯಿಲ್ಲ. 200 ಮಿಲಿಲೀಟರಿಗೆಂದೇ ಮಾಡಿದ ಸಣ್ಣ ಪೊಟ್ಟಣಗಳೂ ಸಿಗುತ್ತವೆ. ದೊಡ್ಡದೆಂದು ತಿಳಿದು ಸಣ್ಣದನ್ನು ಲೀಟರಿಗೆ ಹಾಕಿದರೆ ಸಪ್ಪೆ ನೀರು, ಸಣ್ಣದೆಂದು ತಿಳಿದು ದೊಡ್ಡದನ್ನು ಲೋಟಕ್ಕೆ ಹಾಕಿದರೆ ಅಪಾಯ. ಪುಡಿ ಗಟ್ಟಿಯಾಗಿ ಕಂದುಬಣ್ಣಕ್ಕೆ ತಿರುಗಿದ್ದರೆ ಎಸೆಯಿರಿ. ಸ್ವಾದ ಬೆರೆಸದ, ಬಣ್ಣವಿಲ್ಲದ ಪುಡಿಯನ್ನೇ ಕೊಳ್ಳಿ ಎಂಬುದು ನನ್ನ ಖಚಿತ ಸಲಹೆ. ಕಿತ್ತಳೆಯ ಪರಿಮಳದಿಂದ ಔಷಧಕ್ಕೆ ಬಲ ಬರುವುದಿಲ್ಲ. ಚೆನ್ನಾಗಿದೆಯೆಂದು ಅಣ್ಣತಮ್ಮಂದಿರು ಷರಬತ್ತಿನಂತೆ ಕುಡಿದು ಮುಗಿಸುತ್ತಾರೆ, ಅಷ್ಟೇ.

ಒಆರ್‌ಎಸ್ಸಿನಂತೆಯೇ ತೋರುವ ಹಣೆಪಟ್ಟಿ ಹಚ್ಚಿಕೊಂಡು ಬರುವ ಸಿಹಿ ಪಾನೀಯಗಳ ಬಗ್ಗೆ ಎಷ್ಟು ಎಚ್ಚರಿಸಿದರೂ ಕಡಿಮೆ. ಅವುಗಳಲ್ಲಿ ಸಕ್ಕರೆ ಹಲವು ಪಟ್ಟು ಹೆಚ್ಚು, ಸೋಡಿಯಂ ಅತ್ಯಲ್ಪ. ಕರುಳಿಗೆ ಇಳಿದ ಹೆಚ್ಚುವರಿ ಸಕ್ಕರೆ ದೇಹದಿಂದಲೇ ನೀರನ್ನು ಕರುಳಿನೊಳಕ್ಕೆ ಎಳೆಯುತ್ತದೆ, ಭೇದಿ ಇನ್ನೂ ಹೆಚ್ಚುತ್ತದೆ. ಆಟಗಾರರ ಪಾನೀಯ, ಸೋಡಾ, ಪೆಟ್ಟಿಗೆಯಲ್ಲಿ ಬರುವ ಹಣ್ಣಿನ ರಸ ಯಾವುದೂ ಇದಕ್ಕೆ ಬದಲಿಯಲ್ಲ.

ಇನ್ನು ನೀರು. ಎಲ್ಲರೂ ಎಡವುವುದು ಇಲ್ಲಿಯೇ, ಆದ್ದರಿಂದ ನಿಧಾನವಾಗಿ ಓದಿ. ಕುದಿಸುವುದಾದರೆ ಮೊದಲು ಕುದಿಸಿ, ಪೂರ್ತಿ ತಣಿಸಿ, ಆಮೇಲೆ ಅಳೆಯಿರಿ. ಲೀಟರ್ ಅಳೆದು ಒಲೆಯ ಮೇಲಿಟ್ಟರೆ ಆವಿಯಾಗಿ ಹೋದ ನೀರು ಲೆಕ್ಕಕ್ಕೆ ಸಿಗುವುದಿಲ್ಲ, ದ್ರಾವಣ ಗಟ್ಟಿಯಾಗುತ್ತದೆ. ಪುಡಿ ಬೆರೆಸಿದ ಮೇಲಂತೂ ಕುದಿಸಲೇಬೇಡಿ. ‘ನಮ್ಮ ಲೋಟ ಸುಮಾರು ಇಷ್ಟು ಹಿಡಿಯುತ್ತದೆ’ ಎಂಬ ಮಾತನ್ನು ನಂಬಬೇಡಿ. ಒಂದೇ ಅಡುಗೆಮನೆಯಲ್ಲಿ 150 ಮಿಲಿಲೀಟರಿನ ಲೋಟವೂ ಇರುತ್ತದೆ, 300ರದೂ ಇರುತ್ತದೆ. ಲೀಟರ್ ಎಂದು ಮುದ್ರಿಸಿದ ಕುಡಿಯುವ ನೀರಿನ ಬಾಟಲಿಯೇ ಎಲ್ಲಕ್ಕಿಂತ ಸುಲಭದ ಅಳತೆ. ಆದರೆ ಅದರಲ್ಲೂ ಒಂದು ಸೂಕ್ಷ್ಮವಿದೆ: ಹೊಸ ಬಾಟಲಿಯಲ್ಲಿ ನೀರು ಕುತ್ತಿಗೆಯ ಯಾವ ಮಟ್ಟದಲ್ಲಿತ್ತೋ ಅಷ್ಟೇ ಒಂದು ಲೀಟರ್, ಬಾಯಿಯವರೆಗೆ ತುಂಬಿದರೆ ಹೆಚ್ಚಾಗುತ್ತದೆ. ಮುಚ್ಚಳ ತೆಗೆಯುವ ಮೊದಲೇ ಆ ಮಟ್ಟಕ್ಕೆ ಪೆನ್ನಿನಿಂದ ಗೆರೆ ಎಳೆದಿಡಿ. ಅಳೆದ ನೀರನ್ನು ಅದಕ್ಕಿಂತ ದೊಡ್ಡದಾದ ತೊಳೆದ ಪಾತ್ರೆಗೆ ಸುರಿದು, ಪೊಟ್ಟಣವನ್ನು ಪೂರ್ತಿ ಖಾಲಿ ಮಾಡಿ. ಮೂಲೆಯಲ್ಲಿ ಅಂಟಿಕೊಂಡ ಪುಡಿಯನ್ನೂ ಬೆರಳಿನಿಂದ ತಟ್ಟಿ ಉದುರಿಸಿ.

‘ಮಗು ಇಷ್ಟೊಂದು ಕುಡಿಯುವುದಿಲ್ಲ, ಅರ್ಧ ಪೊಟ್ಟಣಕ್ಕೆ ಅರ್ಧ ಲೀಟರ್ ಮಾಡಿದರಾಗದೇ?’ ಎಂದು ಕೇಳುವವರು ಬಹಳ. ಆಗದು. ಪೊಟ್ಟಣದೊಳಗೆ ಉಪ್ಪಿನ ಹರಳು, ಗ್ಲೂಕೋಸಿನ ಪುಡಿ ಸಮವಾಗಿ ಹಂಚಿಹೋಗಿರುತ್ತವೆ ಎಂಬ ಭರವಸೆಯಿಲ್ಲ. ಅರ್ಧ ಸುರಿದಾಗ ಉಪ್ಪೇ ಹೆಚ್ಚು ಬಿದ್ದಿರಬಹುದು. ಪೂರ್ತಿ ಬೆರೆಸಿ, ಬೇಕಾದಷ್ಟು ಕೊಟ್ಟು, ಉಳಿದದ್ದನ್ನು ಚೆಲ್ಲಿ. ಮಗುವಿನ ಜೀವದ ಮುಂದೆ ಈ ಉಳಿತಾಯಕ್ಕೆ ಬೆಲೆಯಿಲ್ಲ.

ಇಷ್ಟು ಹಟ ಏಕೆಂದರೆ, ಕರುಳಿನ ಗೋಡೆಯಲ್ಲಿರುವ ಒಂದು ಪ್ರೋಟೀನು ಸೋಡಿಯಂ ಮತ್ತು ಗ್ಲೂಕೋಸನ್ನು ಜೊತೆಜೊತೆಯಾಗಿ ಒಳಕ್ಕೆ ಸಾಗಿಸುತ್ತದೆ, ಅವುಗಳ ಹಿಂದೆಯೇ ನೀರು ಹೋಗುತ್ತದೆ. ಈ ಜೋಡಿ ಸಾಗಣೆಯನ್ನು 1960ರಲ್ಲಿ ಮೊದಲು ಪ್ರತಿಪಾದಿಸಿದವರು ಅಮೆರಿಕದ ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್. ಕಾಲರಾದಂಥ ತೀವ್ರ ಭೇದಿಯಲ್ಲೂ ಈ ದಾರಿ ಮುಚ್ಚಿಹೋಗುವುದಿಲ್ಲ. ಸರಿಯಾಗಿ ಬೆರೆಸಿದ ಒಂದು ಲೀಟರಿನಲ್ಲಿ ಸೋಡಿಯಂ 75 ಮಿಲಿಮೋಲ್ (ತೂಕದ ಬದಲು ಕಣಗಳ ಎಣಿಕೆಯ ಅಳತೆ), ಗ್ಲೂಕೋಸ್ ಕೂಡ 75. ನೀರು ಕಡಿಮೆಯಾದರೆ ಶಿಶುವಿನ ರಕ್ತದಲ್ಲಿ ಸೋಡಿಯಂ ಏರಿ ಫಿಟ್ಸ್ ಬರಬಹುದು. ಹೆಚ್ಚಾದರೆ ಹೋದ ಲವಣ ಮರಳಿ ಬರುವುದಿಲ್ಲ.

1971ರ ಬಾಂಗ್ಲಾದೇಶ ಯುದ್ಧಕಾಲದಲ್ಲಿ ಪಶ್ಚಿಮ ಬಂಗಾಳದ ಬೊಂಗಾಂವ್‌ನ ನಿರಾಶ್ರಿತರ ನಡುವೆ ಕಾಲರಾ ಹಬ್ಬಿ, ರಕ್ತನಾಳಕ್ಕೆ ಹಾಕುವ ಡ್ರಿಪ್ ಮುಗಿಯತೊಡಗಿದಾಗ ಡಾ. ದಿಲೀಪ್ ಮಹಲನಬಿಸ್ ಮತ್ತು ಸಂಗಡಿಗರು ಉಪ್ಪು, ಅಡುಗೆ ಸೋಡಾ, ಗ್ಲೂಕೋಸುಗಳನ್ನು ತೂಗಿ ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿಸಿದರು. ಅದನ್ನು ಡ್ರಮ್ಮುಗಳಲ್ಲಿ ಕರಗಿಸಿಟ್ಟರೆ, ರೋಗಿಗಳ ಮನೆಯವರೇ ಲೋಟದಲ್ಲಿ ಹಿಡಿದು ಕುಡಿಸಿದರು. ಸಾವಿನ ಪ್ರಮಾಣ ಶೇಕಡ 4ಕ್ಕಿಂತ ಕೆಳಗಿಳಿಯಿತು. ಅಂಥ ಗದ್ದಲದಲ್ಲೂ ಅವರು ತೂಗುವುದನ್ನು ಬಿಡಲಿಲ್ಲ ಎಂಬುದನ್ನು ಗಮನಿಸಿ. ಅಡುಗೆ ಸೋಡಾದ ಜಾಗಕ್ಕೆ ಸಿಟ್ರೇಟ್ ಬಂದದ್ದು 1980ರ ದಶಕದಲ್ಲಿ. ಸೆಕೆ ಮತ್ತು ತೇವಕ್ಕೆ ಸೋಡಾ ಬೆರೆತ ಪುಡಿ ಬೇಗ ಕೆಡುತ್ತಿತ್ತು.

ಬೆರೆಸುವುದಕ್ಕೆ ಹೇಳಬೇಕಾದದ್ದೇನೂ ಇಲ್ಲ: ತಳದಲ್ಲಿ ಹರಳು ಕಾಣದವರೆಗೆ ಸ್ವಚ್ಛ ಚಮಚದಿಂದ ಕದಡಿ, ಮುಚ್ಚಿಡಿ. ರುಚಿ ನೋಡಿದರೆ ಕಣ್ಣೀರಿಗಿಂತ ಉಪ್ಪಾಗಿರಬಾರದು. ಸಕ್ಕರೆಯನ್ನಾಗಲಿ ಉಪ್ಪನ್ನಾಗಲಿ ಮೇಲಿಂದ ಸೇರಿಸಬೇಡಿ. ತಯಾರಾದ ದ್ರಾವಣದ ಆಯುಸ್ಸು 24 ಗಂಟೆ.

ಕುಡಿಸುವಾಗ ಬಾಟಲಿಯ ನಿಪ್ಪಲ್ ಬೇಡ, ಲೋಟ ಮತ್ತು ಚಮಚ ಸಾಕು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಬಾರಿ ಭೇದಿಯಾದ ಮೇಲೆ 50ರಿಂದ 100 ಮಿಲಿಲೀಟರ್, ಎರಡರಿಂದ ಹತ್ತು ವರ್ಷದವರಿಗೆ 100ರಿಂದ 200, ದೊಡ್ಡವರಿಗೆ ಬೇಕೆನಿಸಿದಷ್ಟು. ವಾಂತಿಯಾದರೆ ‘ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ’ ಎಂದು ಕೈಚೆಲ್ಲುವುದು ದೊಡ್ಡ ತಪ್ಪು. ಹತ್ತು ನಿಮಿಷ ಬಿಟ್ಟು ಮತ್ತೆ ಶುರುಮಾಡಿ, ಈ ಬಾರಿ ಎರಡು ಮೂರು ನಿಮಿಷಕ್ಕೊಂದು ಚಮಚ. ಗಟಗಟ ಕುಡಿದದ್ದು ಹೊರಬಂದರೂ ಗುಟುಕು ಗುಟುಕಾಗಿ ಇಳಿದದ್ದರಲ್ಲಿ ಹೆಚ್ಚಿನಂಶ ಒಳಗೇ ಉಳಿಯುತ್ತದೆ. ಎದೆಹಾಲು, ಊಟ ನಿಲ್ಲಿಸಬೇಡಿ. ಭೇದಿ ತಕ್ಷಣ ನಿಲ್ಲಲಿಲ್ಲವೆಂದು ಒಆರ್‌ಎಸ್ಸನ್ನು ದೂರುವವರೂ ಇದ್ದಾರೆ. ಅದು ಭೇದಿಯನ್ನು ಕಟ್ಟುವ ಮದ್ದಲ್ಲ, ಹೋದದ್ದನ್ನು ತುಂಬಿಕೊಡುವ ಮದ್ದು. ಮಕ್ಕಳಿಗೆ ಜೊತೆಯಲ್ಲಿ 10ರಿಂದ 14 ದಿನ ಸತು ಕೊಡಬೇಕೆಂಬ ಶಿಫಾರಸೂ ಇದೆ. ಪ್ರಮಾಣವನ್ನು ವೈದ್ಯರಿಂದ ಕೇಳಿ ತಿಳಿಯಿರಿ.

ಪೊಟ್ಟಣ ಸಿಗದಿದ್ದಾಗ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ 5 ಮಿಲಿಲೀಟರಿನದಾಗಿರಬೇಕು, ಚಾಕುವಿನ ಬೆನ್ನಿನಿಂದ ಸವರಿ ಮಟ್ಟ ಮಾಡಿರಬೇಕು. ಇದರಲ್ಲಿ ಪೊಟ್ಯಾಸಿಯಂ ಇಲ್ಲ, ಸಿಟ್ರೇಟೂ ಇಲ್ಲ. ಹಾಗಾಗಿ ಪೊಟ್ಟಣ ಕೈಸೇರುವವರೆಗಿನ ಆಸರೆ ಮಾತ್ರ. ಸೋಡಿಯಂ ಕಡಿಮೆಯೆಂದು ಮಾರುವ ಉಪ್ಪನ್ನು ಇದಕ್ಕೆ ಹಾಕಬೇಡಿ. ಅದರಲ್ಲಿ ಒಂದು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇರುವುದರಿಂದ ಅಳತೆಯೇ ತಪ್ಪುತ್ತದೆ.

ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಒಆರ್‌ಎಸ್ ಕುಡಿಯಬಾರದು. ಹೊರಹಾಕಲಾಗದ ಪೊಟ್ಯಾಸಿಯಂ ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಇನ್ನೊಂದು ಗುಂಪನ್ನು ಹೆಚ್ಚಿನವರು ಮರೆತೇಬಿಡುತ್ತಾರೆ: ಬೈಪೋಲಾರ್ ಕಾಯಿಲೆಗೆ (ಮನಸ್ಸಿನ ಸ್ಥಿತಿ ವಿಪರೀತ ಏರಿಳಿಯುವ ಮನೋರೋಗ) ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು. 1949ರಲ್ಲಿ ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್ ಬೆಳಕಿಗೆ ತಂದ ಈ ಔಷಧವೂ ಅದೇ ಕ್ಷಾರ ಲೋಹಗಳ ಕುಟುಂಬದ್ದು. ಮೂತ್ರಪಿಂಡ ಲಿಥಿಯಂ ಅನ್ನು ಸೋಡಿಯಂನಂತೆಯೇ ನಡೆಸಿಕೊಳ್ಳುತ್ತದೆ. ಭೇದಿಯಿಂದ ದೇಹದ ನೀರು, ಸೋಡಿಯಂ ಇಳಿದಾಗ ಸೋಡಿಯಂ ಜೊತೆಗೆ ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ರಕ್ತದಲ್ಲಿ ಅದರ ಸುರಕ್ಷಿತ ಮಟ್ಟ ಬಹಳ ಕಿರಿದಾದ್ದರಿಂದ ವಿಷವಾಗಲು ತಡವಿಲ್ಲ. ಕೈ ಜೋರಾಗಿ ನಡುಗುವುದು, ನಡಿಗೆ ತೂರಾಡುವುದು, ಮಾತು ತೊದಲುವುದು ಅದರ ಲಕ್ಷಣಗಳು. ಇಂಥವರಿಗೆ ಭೇದಿ ಶುರುವಾದ ದಿನವೇ ವೈದ್ಯರಿಗೆ ಫೋನ್ ಮಾಡಿ, ಮುಂದಿನ ಮಾತ್ರೆಯ ಬಗ್ಗೆ ಕೇಳಿ.

ಮಲದಲ್ಲಿ ರಕ್ತ, ಗುಳಿಬಿದ್ದ ಕಣ್ಣು, ಚಿವುಟಿ ಬಿಟ್ಟ ಹೊಟ್ಟೆಯ ಚರ್ಮ ಮೆಲ್ಲಗೆ ಮರಳುವುದು, ಎಬ್ಬಿಸಿದರೂ ಏಳದ ಮಂಪರು, ಕುಡಿಯಲಾಗದ ಸ್ಥಿತಿ, ಗಂಟೆಗಟ್ಟಲೆ ಮೂತ್ರವಿಲ್ಲದಿರುವುದು ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೊರಡಿ. ಮಗು ಎಚ್ಚರವಾಗಿದ್ದು ನುಂಗುವಂತಿದ್ದರೆ ಬೆರೆಸಿಟ್ಟ ದ್ರಾವಣವನ್ನೂ ಚಮಚವನ್ನೂ ಜೊತೆಗೆ ಒಯ್ಯಿರಿ. ದಾರಿಯುದ್ದಕ್ಕೂ ಗುಟುಕು ಕೊಡುತ್ತಲೇ ಹೋಗಿ.