ಕೆಎಕ್ಸ್ 450 ಪಳಗಿದ ಬಗೆ: ನನ್ನ ಅನುಭವ

ಕವಾಸಾಕಿ ಕೆಎಕ್ಸ್ 450 ಬೈಕನ್ನು ಕಾಫಿ ತೋಟದ ದಾರಿಗೆ, ಅದರಲ್ಲೂ ಹೀರೋದ ಎಕ್ಸ್‌ಪಲ್ಸ್ ಬಿಟ್ಟು ಬೇರೆ ಯಾವ ಡರ್ಟ್ ಬೈಕನ್ನೂ ಮುಟ್ಟದ ಹುಡುಗನ ಕೈಗೆ ಹೊಂದಿಸುತ್ತೇನೆಂದು ನಾನು ಹೇಳಿದಾಗ ನಮ್ಮ ಬಳಗದಲ್ಲಿ ನಂಬಿದವರು ಒಬ್ಬರೂ ಇರಲಿಲ್ಲ. ರೇಸ್ ಟ್ರ್ಯಾಕಿಗೆಂದೇ ಹುಟ್ಟಿದ ಗಾಡಿ, ಮಾರಿ 250 ಸಿಸಿಯದೊಂದು ತೆಗೆದುಕೊಳ್ಳುವುದು ಜಾಣತನ ಎಂಬುದೇ ಎಲ್ಲರ ಮಾತಾಗಿತ್ತು. ಈಗ ಆ ಬೈಕು ಸಕಲೇಶಪುರದ ಕಡೆಯ ನಮ್ಮ ನೆಂಟರ ತೋಟದಲ್ಲಿ ಎರಡು ಮಳೆಗಾಲ ಕಂಡಿದೆ, ಓಡಿಸುವವನು ನನ್ನ ತಂಗಿಯ ಮಗ. ಅಂದು ನಕ್ಕವರೇ ಇಂದು ಫೋನ್ ಮಾಡಿ ಏನೇನು ಮಾಡಿದಿರಿ ಎಂದು ಕೇಳುತ್ತಿರುವುದರಿಂದ ಒಮ್ಮೆಗೇ ಬರೆದಿಡುತ್ತಿದ್ದೇನೆ.

ಎಕ್ಸ್‌ಪಲ್ಸ್ 200ಕ್ಕೆ 19 ಪಿಎಸ್ (ಅಶ್ವಶಕ್ತಿ) ಆಸುಪಾಸಿನ ಶಕ್ತಿ, 158 ಕೆಜಿಯಷ್ಟು ತೂಕ. ಕೆಎಕ್ಸ್‌ನ ತೂಕ 110 ಕೆಜಿ ಚಿಲ್ಲರೆ, ಶಕ್ತಿಯೋ ಸಲೀಸಾಗಿ 50 ಮೀರುತ್ತದೆ. ಈ ಅಂಕಿಗಳನ್ನು ನೋಡಿದವರೆಲ್ಲ ಶಕ್ತಿಯನ್ನು ಕಡಿಮೆ ಮಾಡಲು ಹೊರಡುತ್ತಾರೆ. ತೋಟದ ಜೀಪು ದಾರಿಯಲ್ಲಿ ಪೂರ್ತಿ ರೇಸ್ ಕೊಡುವ ಪ್ರಸಂಗವೇ ಬರುವುದಿಲ್ಲವೆಂಬುದನ್ನು ಅವರು ಮರೆಯುತ್ತಾರೆ. ಹೊಸಬನನ್ನು ಕೆಡಹುವುದು ಥ್ರಾಟಲ್ಲಿನ (ಆಕ್ಸಿಲರೇಟರಿನ) ಮೊದಲ ಎಂಟನೇ ಒಂದು ಭಾಗ, ಮತ್ತು ನಿಧಾನವಾದೊಡನೆ ಟಕ್ಕೆಂದು ಆಫ್ ಆಗುವ ಇಂಜಿನ್. ಆಫ್ ಆಗುವ ಭಯಕ್ಕೆ ಹುಡುಗ ಹೆಚ್ಚು ರೇಸ್ ಕೊಡುತ್ತಾನೆ, ಬೈಕು ಜಿಗಿಯುತ್ತದೆ, ಜಿಗಿದಾಗ ಮೈ ಹಿಂದಕ್ಕೆ ವಾಲಿ ಮಣಿಕಟ್ಟು ಇನ್ನಷ್ಟು ತಿರುಗುತ್ತದೆ. ನನ್ನ ಕೆಲಸದಲ್ಲಿ ಹೆಚ್ಚಿನದು ನಡೆದದ್ದು ಈ ಎರಡು ಜಾಗದಲ್ಲಿ.

ಅದಕ್ಕೂ ಮೊದಲು ಕೈಸುಟ್ಟ ಪ್ರಯೋಗಗಳಿವೆ. ಥ್ರಾಟಲ್ ಅರ್ಧಕ್ಕಿಂತ ಹೆಚ್ಚು ತೆರೆಯದಂತೆ ತಡೆ ಹಾಕಿಸಿ ಎಂದು ಬೆಂಗಳೂರಿನ ಹಿರಿಯ ಮೆಕ್ಯಾನಿಕ್ ಒಬ್ಬರು ಸೂಚಿಸಿದರು. ಹಾಕಿದೆವು, ಮೇಲಿನ ಅರ್ಧ ಹೋಯಿತು, ಕೆಳಗಿನ ಒದೆತ ಹಾಗೆಯೇ ಉಳಿಯಿತು. ಸೈಲೆನ್ಸರಿನ ಬಾಯಿ ಕಿರಿದುಮಾಡಿ ನೋಡಿದಾಗ ಸದ್ದು ಇಳಿದು ತೋಟದವರು ಸಂತೋಷಪಟ್ಟರು, ಬೈಕಿನ ಗುಣ ಬದಲಾಗಲಿಲ್ಲ. ಎಲ್ಲಕ್ಕಿಂತ ದುಬಾರಿಯಾದದ್ದು ಮುಂದಿನ ಸ್ಪ್ರಾಕೆಟನ್ನು (ಚೈನು ಸುತ್ತುವ ಹಲ್ಲುಚಕ್ರವನ್ನು) 13 ಹಲ್ಲಿನಿಂದ 14ಕ್ಕೆ ಏರಿಸಿದ್ದು. ಗೇರು ಉದ್ದವಾದರೆ ಜಿಗಿತ ಕಡಿಮೆಯಾಗುತ್ತದೆ ಎಂಬ ಮಾತು ಟ್ರ್ಯಾಕಿನ ಮಟ್ಟಿಗೆ ನಿಜ. ತೋಟದ ಏರಿನಲ್ಲಿ ಮೊದಲ ಗೇರೇ ಎರಡನೆಯದರಂತಾಗಿ ಹುಡುಗ ಕ್ಲಚ್ ಹಿಡಿದುಕೊಂಡೇ ಹತ್ತಬೇಕಾಯಿತು. ಕೆಲವೇ ವಾರಾಂತ್ಯಗಳ ನಂತರ ಕ್ಲಚ್ ಬಿಚ್ಚಿ ನೋಡಿದರೆ ಉಕ್ಕಿನ ಪ್ಲೇಟುಗಳು ಅಂಚಿನಿಂದ ಒಳಕ್ಕೆ ನೀಲಿಗಟ್ಟಿದ್ದವು, ಆಯಿಲ್ ಡಾಂಬರಿನ ವಾಸನೆ ಹೊಡೆಯುತ್ತಿತ್ತು. ಕ್ಲಚ್ ಸೆಟ್ಟಿಗೆ ಹದಿನೈದು ಸಾವಿರದ ಹತ್ತಿರ ತೆತ್ತೆ.

ಕೆಲಸ ಕೊಟ್ಟ ಮೊದಲ ವಸ್ತು ಪುಕ್ಕಟೆಯದು. ಫೋನಿನ ಆ್ಯಪ್ ಬರುವುದಕ್ಕೆ ಮೊದಲಿನ ಈ ಮಾದರಿಗಳ ಜೊತೆ ಇಂಜಿನಿನ ಗುಣ ಬದಲಿಸುವ, ಪ್ಲಗ್ಗಿನಂಥ ಮೂರು ಕಪ್ಲರ್‌ಗಳು ಬರುತ್ತವೆ: ಹಸಿರು ಸಾಮಾನ್ಯಕ್ಕೆ, ಬಿಳಿ ಮೆತ್ತನೆಯ ನೆಲಕ್ಕೆ, ಕಪ್ಪು ಗಟ್ಟಿ ನೆಲಕ್ಕೆ. ಗಟ್ಟಿ ಎಂಬ ಹೆಸರು ಕೇಳಿ ಕಪ್ಪನ್ನೇ ಉಗ್ರವೆಂದು ತಿಳಿದು ಡಬ್ಬಿಯಲ್ಲಿ ಎಸೆದವರನ್ನು ನಾನು ಬಲ್ಲೆ. ಚಕ್ರ ಜಾರಬಾರದೆಂದು ಮಾಡಿದ ಅದೇ ಮೂರರಲ್ಲಿ ಸೌಮ್ಯವಾದದ್ದು. ಮಳೆಗಾಲದ ಜೇಡಿ ಮಣ್ಣಿಗೆ ಬಿಳಿ ಇರಬೇಕಲ್ಲವೇ ಎಂದು ವಾದಿಸುವವರು ಒಮ್ಮೆ ಹೊಸಬನನ್ನು ಕೂರಿಸಿ ನೋಡಬೇಕು.

ಎರಡನೆಯದು ಥ್ರಾಟಲ್ ಟ್ಯೂಬು. ಕೇಬಲ್ ಸುತ್ತಿಕೊಳ್ಳುವ ಡ್ರಮ್ಮಿನ ಸುತ್ತಳತೆ ಮೊದಲಲ್ಲಿ ಚಿಕ್ಕದಾಗಿದ್ದು ಹೋಗುತ್ತ ಹೋಗುತ್ತ ದೊಡ್ಡದಾದರೆ, ಕೈ ಅಷ್ಟೇ ತಿರುಗಿದರೂ ಆರಂಭದಲ್ಲಿ ಕೇಬಲ್ ಕಡಿಮೆ ಎಳೆಯುತ್ತದೆ. ಹೊರದೇಶಗಳಲ್ಲಿ ಇದು ಸಿದ್ಧವಾಗಿಯೇ ಸಿಗುತ್ತದೆ, ನಾನು ಪೀಣ್ಯದ ಲೇತ್ ಒಂದರಲ್ಲಿ ಅಲ್ಯೂಮಿನಿಯಂ ತುಂಡಿನಿಂದ ಕಡೆಸಿದೆ. ಹಲವು ತುಂಡುಗಳು ಗುಜರಿಗೆ ಹೋದವು. ಏಕೆಂದರೆ ಎಳೆಯುವ ಕೇಬಲ್ಲಿನ ಕಡೆ ಮಾತ್ರ ಚಿಕ್ಕದು ಮಾಡಿದರೆ ಮರಳಿ ಮುಚ್ಚುವ ಕೇಬಲ್ ನಡುವಿನಲ್ಲಿ ಬಿಗಿಯುತ್ತದೆ, ಥ್ರಾಟಲ್ ತೆರೆದೇ ನಿಲ್ಲುವ ಅಪಾಯವಿದೆ. ಎರಡೂ ಕಡೆಯ ಆಕಾರವನ್ನು ಹೇಗೆ ಹೊಂದಿಸಿದೆ, ಎಷ್ಟು ಮಿಲಿಮೀಟರ್ ತೆಗೆದೆ ಎಂಬುದು ಸದ್ಯಕ್ಕೆ ನನ್ನ ಬಳಿಯೇ ಇರಲಿ. ಬೈಕು ಎತ್ತಿ ನಿಲ್ಲಿಸಿ, ಹ್ಯಾಂಡಲನ್ನು ಎರಡೂ ಕೊನೆಗೆ ತಿರುಗಿಸಿ, ಬಿಟ್ಟ ಕೂಡಲೇ ಥ್ರಾಟಲ್ ಪಟ್ಟೆಂದು ಮುಚ್ಚುತ್ತದೆಯೇ ಎಂದು ನೋಡದೆ ಯಾರೂ ಸ್ಟಾರ್ಟ್ ಮಾಡಬಾರದೆಂಬುದನ್ನು ಮಾತ್ರ ಒತ್ತಿ ಹೇಳುತ್ತೇನೆ.

ನಿಜವಾಗಿ ಬೈಕಿನ ಸ್ವಭಾವ ಬದಲಿಸಿದ್ದು ಇಂಜಿನಿನ ಜೊತೆಗೇ ಸುತ್ತುವ ಮ್ಯಾಗ್ನೆಟ್ಟಿನ (ಫ್ಲೈವೀಲಿನ) ಮೇಲೆ ಕೂರಿಸಿದ ಹೆಚ್ಚುವರಿ ತೂಕ; ಅದು ಭಾರವಾದಷ್ಟೂ ಇಂಜಿನಿನ ಸುತ್ತು ಥಟ್ಟನೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಸುಮಾರು 300 ಗ್ರಾಂ ಉಕ್ಕಿನ ಬಳೆ ಹೊರದೇಶದಿಂದ ಬರುವಷ್ಟರಲ್ಲಿ ಕೊರಿಯರು, ಸುಂಕ ಎಲ್ಲ ಸೇರಿ ಇಪ್ಪತ್ತೆರಡು ಸಾವಿರದಷ್ಟಾಯಿತು. ಲೇತಿನಲ್ಲೇ ಬಳೆ ಮಾಡಿಸಿ ವೆಲ್ಡಿಂಗ್ ಹೊಡೆಸಿದರೆ ಎರಡು ಸಾವಿರದಲ್ಲಿ ಮುಗಿಯುತ್ತದೆ ಎಂದವರಿದ್ದರು. ನಿಮಿಷಕ್ಕೆ ಹತ್ತು ಸಾವಿರ ಸುತ್ತು ಮೀರುವ ಇಂಜಿನಿನಲ್ಲಿ ಅಂಥ ಬಳೆ ಸಿಡಿದರೆ ಕವರನ್ನು ಸೀಳಿಕೊಂಡು ಕಾಲಿನ ಮಟ್ಟದಲ್ಲೇ ಹೊರಬರುತ್ತದೆ, ಆದ್ದರಿಂದ ಈ ಒಂದು ವಿಷಯದಲ್ಲಿ ನಾನು ಜಿಪುಣತನ ಮಾಡಲಿಲ್ಲ. ಅದು ಕೂತ ಮೇಲೆ ಸಿಲ್ವರ್ ಓಕ್ ಎಲೆ ಹಾಸಿದ ಇಳುಕಲಿನಲ್ಲಿ, ಕ್ಲಚ್ ಮುಟ್ಟದೆ ಮೊದಲ ಗೇರಿನಲ್ಲಿ ಇಂಜಿನ್ ಡಗ್ ಡಗ್ ಎಂದು ನಡೆದು ಹೋಯಿತು. "ಮಾವ, ಇದು ಆಫೇ ಆಗ್ತಿಲ್ಲ" ಎಂದು ಹುಡುಗ ಕೂಗಿದ.

ಇಂಜಿನ್ ಹೀಗೆ ತಾಳ್ಮೆ ಕಲಿತ ಮೇಲೆ ಹಿಂದಿನ ಸ್ಪ್ರಾಕೆಟನ್ನು 50ರಿಂದ 52ಕ್ಕೆ ಏರಿಸಿ, ಮುಂದೆ ಮತ್ತೆ 13 ಹಾಕಿದೆ. ಮೂಲದ 13-50 ಜೋಡಿಗೆ ಹೋಲಿಸಿದರೆ ಲೆಕ್ಕಕ್ಕೆ ವ್ಯತ್ಯಾಸ ಶೇಕಡಾ 4 ಮಾತ್ರ, ಆದರೆ ಏರಿನಲ್ಲಿ ಎಡಗೈಗೆ ಸಿಗುವ ಬಿಡುವು ದೊಡ್ಡದು. ತೂಕ ಹಾಕುವ ಮೊದಲು ಇದೇ 52ನ್ನು ಹಾಕಿದ್ದರೆ ಜಿಗಿತ ಹೆಚ್ಚುತ್ತಿತ್ತು, ಕ್ರಮ ಮುಖ್ಯ.

ಹುಡುಗನ ತೂಕ 58 ಕೆಜಿ, ಕಂಪನಿಯ ಶಾಕ್ ಅಬ್ಸಾರ್ಬರ್ ಸ್ಪ್ರಿಂಗು ಅವನಿಗಿಂತ ಬಹಳ ಭಾರದವರಿಗೆ ಮಾಡಿದ್ದು. ಅವನು ಕೂತಾಗ ಹಿಂಭಾಗ 105 ಮಿಮೀ ಕುಸಿಯುವಂತೆ ಹೊಂದಿಸಿದರೆ ಬರಿಯ ಬೈಕೇ ಅತಿಯಾಗಿ ಕುಸಿಯುತ್ತಿತ್ತು. ಹಿಂದೆ ಒಂದು ಹಂತ ಮೃದುವಾದ ಸ್ಪ್ರಿಂಗು ಹಾಕಿ, ಮುಂದೆ ಕ್ಲಿಕ್ಕರುಗಳಲ್ಲೇ (ಸಸ್ಪೆನ್ಷನ್ ಹೊಂದಿಸುವ ತಿರುಪುಗಳಲ್ಲೇ) ತೃಪ್ತಿಪಟ್ಟೆ. ಸೀಟಿನ ಸ್ಪಂಜನ್ನು ಒಂದಂಗುಲದಷ್ಟು ಕೊಯ್ಸಿದ್ದಕ್ಕೆ ಎಂಟುನೂರು ರೂಪಾಯಿ ಆಗಿರಬೇಕು. 950 ಮಿಮೀ ದಾಟಿದ ಸೀಟಿನಿಂದ ಒಂದು ಕಾಲಾದರೂ ನೆಲಕ್ಕೆ ಗಟ್ಟಿಯಾಗಿ ತಾಗುವಂತಾದದ್ದು ಧೈರ್ಯದ ದೃಷ್ಟಿಯಿಂದ ಬಲು ದೊಡ್ಡ ಲಾಭ.

ನಡುವೆ ರೇಡಿಯೇಟರಿನ ಹುಚ್ಚೂ ಹಿಡಿದಿತ್ತು. ನಿಧಾನ ಓಡಿಸಿದರೆ ಈ ಬೈಕು ಕುದಿಯುತ್ತದೆ, ಉಕ್ಕಿದ ಕೂಲಂಟ್ ಹಿಡಿಯಲು ಡಬ್ಬಿಯೂ ಇಲ್ಲ. ಚಿಕ್ಕ ಫ್ಯಾನ್ ಕಟ್ಟಿ ನೋಡಿದೆ. ಹೆಡ್‌ಲೈಟೂ ಇಲ್ಲದ ಗಾಡಿಯ, ಕರೆಂಟು ಹುಟ್ಟಿಸುವ ಕಾಯಿಲ್ ಅದನ್ನು ತಾಳಲಾರದೆ ಮಧ್ಯಾಹ್ನದೊಳಗೆ ಬ್ಯಾಟರಿ ಇಳಿಯಿತು. ಫ್ಯಾನ್ ಕಿತ್ತು ಒಂದು ಪ್ಲಾಸ್ಟಿಕ್ ಬಾಟಲಿ ಕಟ್ಟಿದ್ದೇನೆ, ಉಕ್ಕಿದ್ದು ಅಲ್ಲಿ ಸೇರಿ ತಣ್ಣಗಾದಾಗ ಒಳಕ್ಕೆ ಮರಳುತ್ತದೆ. ಕ್ಲಚ್ಚಿನ ಕೆಲಸ ಕಡಿಮೆಯಾದ ಮೇಲೆ ಕುದಿಯುವುದೂ ಅಪರೂಪವಾಗಿದೆ.

ಹಾಳಾದದ್ದನ್ನೂ ಸೇರಿಸಿ ಎಂಬತ್ತು ಸಾವಿರದ ಆಚೀಚೆ ಖರ್ಚಾಗಿದೆ, ದಾರಿ ಗೊತ್ತಿರುವವರಿಗೆ ಐವತ್ತರೊಳಗೆ ಮುಗಿಯಬೇಕು. ನೋಂದಣಿಯಿಲ್ಲದ ಗಾಡಿಯಾದ್ದರಿಂದ ತೋಟದವರೆಗೆ ಪಿಕಪ್ಪಿನಲ್ಲೇ ಸಾಗಿಸಬೇಕು, ಆ ಬಾಡಿಗೆ ಬೇರೆ. ಇನ್ನು ಉಳಿದಿರುವುದು ಹಿಂದಿನ 19 ಇಂಚಿನ ಚಕ್ರ: ಅದೇ ಹಬ್ಬಿಗೆ ಗಿಡ್ಡ ಸ್ಪೋಕಿನೊಂದಿಗೆ 18 ಇಂಚಿನ ರಿಮ್ ಕೂರಿಸಿದರೆ ಟೈರಿನ ಗೋಡೆ ಎತ್ತರವಾಗಿ ಬೇರಿನ ಮೇಲೆ ಹಿಡಿತ ಸಿಗುತ್ತದೆ, ಎಕ್ಸ್‌ಪಲ್ಸ್‌ಗೆ ಸಿಗುವ ಟೈರೂ ಹೊಂದಬಹುದು. ರಿಮ್ ತಂದಿಟ್ಟಿದ್ದೇನೆ, ಸ್ಪೋಕ್ ಮಾಡಿಕೊಡುವವರು ಅಳತೆ ಕೊಂಡೊಯ್ದಿದ್ದಾರೆ.