ಖಿನ್ನತೆಗೆ ಪುಸ್ತಕ: ಓದಿದರೆ ಸಾಲದು, ಪೆನ್ಸಿಲ್ ಹಿಡಿಯಬೇಕು

ಮನಸ್ಸು ಕುಗ್ಗಿದವರಿಗೆ "ಒಳ್ಳೇ ಪುಸ್ತಕ ಓದು, ಸರಿಹೋಗುತ್ತೆ" ಅನ್ನುವವರು ಎಲ್ಲ ಮನೆಯಲ್ಲೂ ಒಬ್ಬರಿರುತ್ತಾರೆ. ಓದಿನ ಚಿಕಿತ್ಸೆ ಅಂದರೆ ಅದಲ್ಲ, ಪುಸ್ತಕ ಓದುತ್ತಾ ಅದು ಹೇಳುವ ಅಭ್ಯಾಸಗಳನ್ನು ಮಾಡಿ ಖಿನ್ನತೆ ತಗ್ಗಿಸಿಕೊಳ್ಳುವುದು. ಇಂಗ್ಲೆಂಡಿನಲ್ಲಿ 2013ರಿಂದ ವೈದ್ಯರು ಸೂಚಿಸಿದ ಪುಸ್ತಕವನ್ನು ಊರಿನ ಲೈಬ್ರರಿಯಲ್ಲೇ ಪಡೆಯುವ ಏರ್ಪಾಡಿದೆ. ಆ ಪಟ್ಟಿಯಲ್ಲಿರುವುದು ಹೆಚ್ಚಾಗಿ ಅಭ್ಯಾಸ ಮಾಡಿಸುವ ಪುಸ್ತಕಗಳು.

ಮೊದಲು ವೈದ್ಯರನ್ನು ನೋಡಿ. ಎರಡು ವಾರಕ್ಕಿಂತ ಜಾಸ್ತಿ ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಊಟ ಏರುಪೇರು ಅಂದರೆ ಕಾರಣ ಥೈರಾಯ್ಡ್ ಕೂಡ ಆಗಿರಬಹುದು. ಸಣ್ಣ ಮತ್ತು ಮಧ್ಯಮ ಮಟ್ಟದ ಖಿನ್ನತೆಗೆ ಮಾತ್ರ ಈ ದಾರಿ. ಮಾತ್ರೆ ನಡೆಯುತ್ತಿದ್ದರೆ ಸುಮ್ನೆ ನಿಲ್ಲಿಸಬೇಡಿ. ಸಾಯುವ ಯೋಚನೆ ಬಂದರೆ ಪುಸ್ತಕ ಪಕ್ಕಕ್ಕಿಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಇಲ್ಲವೇ ಬೆಂಗಳೂರಿನ ಹೊಸೂರು ರಸ್ತೆಯ ಮಾನಸಿಕ ಆರೋಗ್ಯ ಆಸ್ಪತ್ರೆ ನಿಮ್ಹಾನ್ಸ್‌ನ ತುರ್ತು ವಿಭಾಗಕ್ಕೆ ಹೋಗಿ.

ಪುಸ್ತಕ ತೆಳ್ಳಗಿರಲಿ. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರಂಥವರು ಸರಳ ಕನ್ನಡದಲ್ಲಿ ಬರೆದಿದ್ದಾರೆ. ಅಂಗಡಿಯಲ್ಲೇ ನಾಲ್ಕು ಪುಟ ತಿರುವಿ ನೋಡಿ. 'ಇದನ್ನು ಮಾಡಿ, ಇಲ್ಲಿ ಬರೆಯಿರಿ' ಅಂತ ಇದೆಯಾ? 'ಧೈರ್ಯವಾಗಿರಿ' ಅಂತಷ್ಟೇ ಇದ್ದರೆ ವಾಪಸ್ ಇಟ್ಟುಬಿಡಿ.

ಇನ್ನು ಜೊತೆಗಾರರು, ಅಂದರೆ ಓದುವಾಗ ಬರೆಯುವಾಗ ನೆರವಾಗುವವರು. ಚಿಕಿತ್ಸೆಯ ಅರ್ಧ ಭಾಗ ಇವರೇ. ಆಪ್ತಸಮಾಲೋಚಕರಾದರೆ ಒಳ್ಳೆಯದು. ವಾರಕ್ಕೊಮ್ಮೆ ಹದಿನೈದು ಇಪ್ಪತ್ತು ನಿಮಿಷ ಸಾಕು, ಫೋನಿನಲ್ಲೂ ಆಗುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಹೋಗಬೇಕಾದವರಿಗೆ ಅದೇ ದೊಡ್ಡ ಉಪಕಾರ ಅಲ್ವಾ! ಮನೆಯವರು ಜೊತೆಗಿದ್ದರೆ ಕೇಳಬೇಕಾದದ್ದು ಎರಡೇ: ಎಲ್ಲಿವರೆಗೆ ಬಂತು, ಏನು ಬರೆದೆ? ಉಪದೇಶ ಬೇಡ.

ಖಿನ್ನತೆ ಇರುವಾಗ ಓದುವುದೇ ಕಷ್ಟ. ಒಂದೇ ಸಾಲನ್ನು ಮೂರು ಸಲ ಓದಿದರೂ ತಲೆಗೆ ಹೋಗಲಿಲ್ಲವೇ? ಮುಚ್ಚಿಡಿ, ಅದು ಸೋಮಾರಿತನವಲ್ಲ, ಕಾಯಿಲೆಯ ಲಕ್ಷಣ. ಬೆಳಗಿನ ಕಾಫಿ ಆದಮೇಲೆ ಮೂರ್ನಾಲ್ಕು ಪುಟ ಓದಿ. ಬೇಕಿದ್ದರೆ ಗಟ್ಟಿಯಾಗಿ ಓದಿ.

ಓದಿದ್ದು ಕೆಲಸಕ್ಕೆ ಬರುವುದು ನೋಟ್‌ಬುಕ್ಕಿನಲ್ಲಿ. ಹಾಳೆಗೆ ಮೂರು ಕಲಂ ಗೀಚಿಕೊಳ್ಳಿ. ಮೊದಲನೆಯದರಲ್ಲಿ ನಡೆದದ್ದು: 'ಅಕ್ಕ ಫೋನ್ ಎತ್ತಲಿಲ್ಲ.' ಎರಡನೆಯದರಲ್ಲಿ ಮನಸ್ಸು ಹೇಳಿದ್ದು: 'ನಾನು ಯಾರಿಗೂ ಬೇಡ.' ಮೂರನೆಯದರಲ್ಲಿ ಬೇರೆ ಏನಿರಬಹುದು: 'ಈ ಹೊತ್ತಿಗೆ ಮೆಟ್ರೋದಲ್ಲಿ ನಿಂತಿರುತ್ತಾಳೆ, ಹೋದ ವಾರವೂ ರಾತ್ರಿ ಅವಳೇ ಮಾಡಿದ್ದಳು.' ಮೂರನೇ ಕಲಂ ಮೊದಮೊದಲು ಖಾಲಿ ಉಳಿಯುತ್ತದೆ. ಉಳಿಯಲಿ. ಜೊತೆಗಾರರು ಕೂತು ತುಂಬಿಸಲು ನೆರವಾಗುವುದು ಅಲ್ಲೇ.

ದಿನಕ್ಕೊಂದು ಚಿಕ್ಕ ಕೆಲಸವನ್ನೂ ಸೇರಿಸಿ. ಬೀದಿ ಕೊನೆಯ ಪಾರ್ಕಿಗೆ ಹೋಗಿಬರುವುದು, ಅಷ್ಟೇ. ಎಷ್ಟು ಹಿಡಿಸಬಹುದು ಅಂತ ಹೊರಡುವ ಮುಂಚೆ ಹತ್ತಕ್ಕೆ ಅಂಕ ಹಾಕಿ, ಬಂದಮೇಲೆ ಇನ್ನೊಮ್ಮೆ ಹಾಕಿ. ಮುಂಚೆ 1 ಇದ್ದದ್ದು ಆಮೇಲೆ 3 ಆಗಿದ್ದರೆ ಪಕ್ಕದಲ್ಲಿ ತಾರೀಖು ಬರೆಯಿರಿ.

ಐದಾರು ವಾರವಾದರೂ ಏನೂ ಬದಲಾಗದಿದ್ದರೆ, ಅಥವಾ ನಡುವೆಯೇ ಜಾಸ್ತಿಯಾದರೆ, ವೈದ್ಯರ ಬಳಿ ಮತ್ತೆ ಹೋಗಿ. ಹೋಗುವಾಗ ನೋಟ್‌ಬುಕ್ ಮರೆಯಬೇಡಿ. ಬಾಯಲ್ಲಿ ಹೇಳಲು ಆಗದ ಎಷ್ಟೋ ವಿಷಯ ಅದರಲ್ಲಿರುತ್ತದೆ.