ಆಲಿವ್ ಮೊಟ್ಟೆಗಾಗಿ ಹುಂಜ ಆರಿಸಿದ್ದು

ಮೊಟ್ಟೆ ಇಡೋದು ಹೇಂಟೆ. ಆದರೆ ಮೊಟ್ಟೆಯ ಬಣ್ಣದ ವಿಷಯದಲ್ಲಿ ನನ್ನ ತಲೆ ತಿಂದಿದ್ದು ಹುಂಜ. ಮರಿಗೆ ಅರ್ಧ ಗುಣ ಅವನಿಂದಲೇ ಬರುತ್ತದೆ. ಅವನೊಳಗೆ ಯಾವ ಬಣ್ಣ ಇದೆ ಅಂತ ಮೊಟ್ಟೆ ಇಟ್ಟು ತೋರಿಸ್ತಾನಾ?

ನನಗೆ ಬೇಕಿದ್ದದ್ದು ಗಾಢ ಹಸಿರು, ಅಂದರೆ ಆಲಿವ್ ಬಣ್ಣದ ಮೊಟ್ಟೆ. ಕೋಳಿಮೊಟ್ಟೆಯಲ್ಲಿ ಹಸಿರಿಗೆ ಅಂತಲೇ ಬೇರೆ ಬಣ್ಣ ಇಲ್ಲ. ನೀಲಿ ಚಿಪ್ಪಿನ ಮೇಲೆ ಕಂದು ಬಳಿದಾಗ ಹಸಿರಾಗಿ ಕಾಣುತ್ತದೆ, ಅಷ್ಟೇ. ನೀಲಿ ಕೊಡುವ ಬಿಲಿವರ್ಡಿನ್ ಚಿಪ್ಪಿನ ಒಳಗೂ ಹೊರಗೂ ಇಳಿದಿರುತ್ತದೆ. ಕಂದು ಕೊಡುವ ಪ್ರೋಟೋಪಾರ್ಫಿರಿನ್ ಜಾಸ್ತಿ ಹೊರಮೈಯಲ್ಲೇ ಕೂರುತ್ತದೆ. ಹಸಿರು ಮೊಟ್ಟೆ ಒಡೆದು, ಒಳಗಿನ ಪೊರೆಯನ್ನು ಉಗುರಿನಿಂದ ಸುಲಿದು ನೋಡಿ. ಒಳಮೈ ತಿಳಿ ನೀಲಿ. ಕಂದು ಮೊಟ್ಟೆಯಾದರೆ ಒಳಗೆ ಹೆಚ್ಚುಕಡಿಮೆ ಬಿಳಿ.

ಹಾಗಾಗಿ ಗಾಢ ಕಂದು ಮೊಟ್ಟೆಯ ಮಾರಾನ್ಸ್ ಹೇಂಟೆಗಳಿಗೆ ನೀಲಿ ಮೊಟ್ಟೆ ತಳಿಯಾದ ಅಮೆರಾಕಾನಾ ಹುಂಜ ಬಿಟ್ಟೆ. ಕಂದು ಬಣ್ಣ ಹತ್ತಾರು ಜೀನ್‌ಗಳ ಆಟ. ಅದನ್ನು ಕಣ್ಣಾರೆ ನೋಡಿ ಆರಿಸಬೇಕು, ಅಂದರೆ ಹೇಂಟೆಯ ಕಡೆ ಇರಬೇಕು. ನೀಲಿ ಒಂದೇ ಜೀನ್, ಅದೂ ಪ್ರಬಲ, ಅಂದರೆ ಅಪ್ಪನಿಂದಲೋ ಅಮ್ಮನಿಂದಲೋ ಒಂದು ಪ್ರತಿ ಬಂದರೂ ಸಾಕು. ಹುಂಜನಲ್ಲಿ ಎರಡು ಪ್ರತಿ ಇದ್ದರೆ ಹೆಣ್ಣುಮರಿಗಳೆಲ್ಲ ಹಸಿರು ಮೊಟ್ಟೆಯೇ ಇಡುತ್ತವೆ. ಒಂದೇ ಪ್ರತಿ ಇದ್ದರೆ ಅರ್ಧದಷ್ಟು ಮಾತ್ರ.

ಮಾರುವವರು 'ಇದು ನೀಲಿ ಮೊಟ್ಟೆಯಿಂದ ಬಂದ ಹುಂಜ' ಅನ್ನುತ್ತಾರೆ. ಚಿಪ್ಪಿನ ಬಣ್ಣ ಹೇಳೋದು ತಾಯಿಯ ಕಥೆಯನ್ನು. ಮರಿಗೆ ಆ ಜೀನ್ ಬಂತೋ ಇಲ್ಲವೋ ಅದರಿಂದ ಗೊತ್ತಾಗಲ್ಲ. ನಾನು ನಂಬುವ ಪರೀಕ್ಷೆ ಬೇರೆ. ಹುಂಜನನ್ನು ಬಿಳಿ ಮೊಟ್ಟೆ ಇಡುವ ಲೆಗಾರ್ನ್ ಜೊತೆ ಬಿಟ್ಟು, ಹುಟ್ಟಿದ ಹೆಣ್ಣುಗಳು ಮೊಟ್ಟೆಗೆ ಬರುವವರೆಗೆ ಕಾಯಬೇಕು. ಐದಾರು ತಿಂಗಳು ಹಿಡಿಯುತ್ತದೆ. ಅದರಲ್ಲಿ ಒಂದು ಬಿಳಿ ಮೊಟ್ಟೆ ಇಟ್ಟರೂ ಹುಂಜನ ಬಳಿ ಎರಡು ಪ್ರತಿ ಇಲ್ಲ ಅಂತ ತೀರ್ಮಾನ. ಕಿವಿಯ ತೊಗಲು ಬಿಳಿಯಾದರೆ ಬಿಳಿ ಮೊಟ್ಟೆ, ಕೆಂಪಾದರೆ ಕಂದು ಮೊಟ್ಟೆ ಅಂತ ಹೇಳುವವರೂ ಇದ್ದಾರೆ. ಅಮೆರಾಕಾನಾಗೆ ಕೆಂಪು ಕಿವಿ, ಮೊಟ್ಟೆ ನೀಲಿ. ಆ ಲೆಕ್ಕ ನಾನು ಬಿಟ್ಟೆ.

ಮೊದಲ ಪೀಳಿಗೆಯ ಹಸಿರು ಸ್ವಲ್ಪ ತೆಳು. ಆ ಹೇಂಟೆಗಳನ್ನು ಮತ್ತೆ ಮಾರಾನ್ಸ್ ಹುಂಜಕ್ಕೆ ಬಿಟ್ಟರೆ ಕಂದು ಏರುತ್ತದೆ. ಆದರೆ ಮರಿಗಳಲ್ಲಿ ಅರ್ಧಕ್ಕೆ ಮಾತ್ರ ನೀಲಿ ಸಿಗುತ್ತದೆ. ಇಲ್ಲಿ ಜುಟ್ಟು ಕೈ ಹಿಡಿಯುತ್ತದೆ. ಅಮೆರಾಕಾನಾದ್ದು ಬಟಾಣಿ ಜುಟ್ಟು, ಅಂದರೆ ಗಿಡ್ಡಕ್ಕೆ ಉಬ್ಬುಬ್ಬಾಗಿರುವ ಜುಟ್ಟು. ಅದರ ಜೀನೂ ನೀಲಿ ಮೊಟ್ಟೆಯ ಜೀನೂ ಒಂದೇ ವರ್ಣತಂತುವಿನಲ್ಲಿ ಅಕ್ಕಪಕ್ಕ ಕೂತಿವೆ. ಅದಕ್ಕೇ ಸಾಮಾನ್ಯವಾಗಿ ಜೊತೆಯಲ್ಲೇ ಇಳಿದು ಬರುತ್ತವೆ. ಮರಿಯನ್ನು ಅಂಗೈಲಿಟ್ಟು, ಕೊಕ್ಕಿನ ಮೇಲೆ ಬೆರಳಾಡಿಸಿ. ಗರಗಸದ ಹಾಗೆ ಹಲ್ಲುಹಲ್ಲಾದ ಒಂದೇ ಗೆರೆ ಇದ್ದರೆ ಬದಿಗಿಡುತ್ತೇನೆ. ಅಗಲವಾಗಿ, ಪಕ್ಕದಲ್ಲೂ ಉಬ್ಬು ಸಿಕ್ಕರೆ ಉಳಿಸಿಕೊಳ್ಳುತ್ತೇನೆ. ಆಗೊಮ್ಮೆ ಈಗೊಮ್ಮೆ ತಪ್ಪುತ್ತದೆ, ಆದರೂ ತಿಂಗಳುಗಟ್ಟಲೆ ಮೇವು ಉಳಿಯುತ್ತದೆ. ಕ್ರೀಮ್ ಲೆಗ್‌ಬಾರ್‌ನಿಂದ ನೀಲಿ ತಂದವರಿಗೆ ಈ ಗುರುತು ಉಪಯೋಗಕ್ಕಿಲ್ಲ. ಅದು ಒಂಟಿ ಜುಟ್ಟಿನ ತಳಿ.

ಕಂದಿಗೆ ಇಂಥ ಅಡ್ಡದಾರಿ ಇಲ್ಲ. ಮೊಟ್ಟೆಗೆ ಬಂದ ಹೊಸದರಲ್ಲಿ ಬಣ್ಣ ಗಾಢ, ಇಡ್ತಾ ಇಡ್ತಾ ತೆಳುವಾಗುತ್ತದೆ. ಅದಕ್ಕೆ ಎರಡು ಹೇಂಟೆ ಹೋಲಿಸುವಾಗ ಎರಡೂ ಮೊಟ್ಟೆಗೆ ಬಂದು ಎಷ್ಟು ದಿನ ಆಯ್ತು ಅಂತ ಮೊದಲು ನೋಡುತ್ತೇನೆ. ಕೆಲವು ತಿಂಗಳಾದ ಮೇಲೂ ಬಣ್ಣ ಬಿಡದ ಹೇಂಟೆಯ ಮೊಟ್ಟೆಯನ್ನೇ ಕಾವಿಗಿಡೋದು.

ಹುಂಜ ಬದಲಿಸಿದರೆ ತಕ್ಷಣ ಕಾವಿಗೆ ಮೊಟ್ಟೆ ಎತ್ತಬೇಡಿ. ಹಳೇ ಹುಂಜನ ವೀರ್ಯ ಹೇಂಟೆಯೊಳಗೆ ಎರಡು ಮೂರು ವಾರ ಜೀವಂತ ಇರುತ್ತದೆ. ನಾನು ಒಂದು ತಿಂಗಳು ಕಾಯುತ್ತೇನೆ. ಇಲ್ಲದಿದ್ದರೆ ಯಾರ ಮರಿ ಯಾರದೋ, ಪುಸ್ತಕದಲ್ಲಿ ಬರೆದಿದ್ದೆಲ್ಲ ಸುಮ್ನೆ.

ಪುಕ್ಕದ ವಿಷಯ ಇದಕ್ಕಿಂತ ಸಲೀಸು, ಮರಿ ಬೆಳೆಯುತ್ತಿದ್ದಂತೆ ಕಣ್ಣಿಗೇ ಕಾಣುತ್ತಲ್ವಾ. ನನಗೆ ಬೂದುನೀಲಿ ಪುಕ್ಕ ಇಷ್ಟ. ನೀಲಿಗೆ ನೀಲಿ ಕೂಡಿಸಿದರೆ ಸರಾಸರಿ ಕಾಲು ಭಾಗ ಕಪ್ಪು, ಅರ್ಧ ನೀಲಿ, ಇನ್ನು ಕಾಲು ಭಾಗ ಬೆಳ್ಳಗಿದ್ದು ಅಲ್ಲಲ್ಲಿ ಚುಕ್ಕೆ ಚೆಲ್ಲಿದ 'ಸ್ಪ್ಲ್ಯಾಶ್'. ಎಲ್ಲಾ ಮರಿಯೂ ನೀಲಿಯೇ ಬೇಕಾದರೆ ಕಪ್ಪಿಗೆ ಸ್ಪ್ಲ್ಯಾಶ್ ಕೂಡಿಸಬೇಕು. ಈ ನೀಲಿಗೂ ಮೊಟ್ಟೆಯ ನೀಲಿಗೂ ಸಂಬಂಧವೇ ಇಲ್ಲ. ಗುಂಗುರು ಪುಕ್ಕದ ಫ್ರಿಜಲ್ ಸಾಕುವವರು ಮಾತ್ರ ಎರಡು ಗುಂಗುರನ್ನು ಕೂಡಿಸಬಾರದು. ಮರಿಗಳಲ್ಲಿ ಕಾಲು ಭಾಗಕ್ಕೆ ಎರಡೂ ಕಡೆಯಿಂದ ಆ ಜೀನ್ ಬಂದು, ಪುಕ್ಕ ಪುಡಿಪುಡಿಯಾಗಿ ಮೈ ಬೋಳಾಗುತ್ತದೆ. ಚಳಿ ತಡೆಯಲ್ಲ. ಗುಂಗುರಿಗೆ ನಯ ಪುಕ್ಕದ ಜೋಡಿಯೇ ಸರಿ.

ಏನೇ ಮಾಡಿದರೂ ಮರಿಗಳಲ್ಲಿ ಅರ್ಧ ಹುಂಜಗಳೇ. ಅವನ್ನು ಏನು ಮಾಡೋದು ಅಂತ ಕಾವಿಗಿಡುವ ಮೊದಲೇ ಗಟ್ಟಿ ಮಾಡಿಕೊಳ್ಳಿ.